ಡಾಕ್ಟರೇಟ್ ಆದ ಮೇಲೆ

ನಮ್ಮ ಕಡೆ ಹೆಣ್ಣುಮಕ್ಕಳ ಓದಿಗೆ ಯಾವ ಕಾಲದಲ್ಲೂ ಒಂದು ಗಡಿ ಇದ್ದೇ ಇತ್ತು. ಅಜ್ಜಿಯರ ಕಾಲಕ್ಕೆ ಅದು ನಾಲ್ಕನೆಯ ಕ್ಲಾಸು. ಅವ್ವಂದಿರ ಕಾಲಕ್ಕೆ ಏಳನೆಯದು. ನಮ್ಮ ಕಾಲಕ್ಕೆ ಎಸ್ಸೆಸ್ಸೆಲ್ಸಿ. ಮನೆಯವರು ಧಾರಾಳಿಗಳಾಗಿದ್ದರೆ ಟಿ.ಸಿ.ಎಚ್. ಅಥವಾ ಬಿ.ಎಡ್. ನಾನು ಹಾಗೆ ಬಿ.ಎ., ಬಿ.ಎಡ್. ಮುಗಿಸಿ ಮಾಸ್ತರಿಕೆಗೆ ಸೇರಿದವಳು. ಈಗ ಆ ಗಡಿ ಎಷ್ಟೋ ಮುಂದಕ್ಕೆ ಸರಿದಿದೆ. ಎಂ.ಎಸ್ಸಿ. ಮಾಡಿದ ಹುಡುಗಿಯರು ಊರೂರಿಗೂ ಇದ್ದಾರೆ, ಪಿಎಚ್.ಡಿ. ಎಂದರೂ ಯಾರೂ ಕಣ್ಣರಳಿಸುವುದಿಲ್ಲ. ಆದರೆ ಪಿಎಚ್.ಡಿ. ಮುಗಿಸಿದ ಮಗಳು "ಇನ್ನೆರಡು ವರ್ಷ ಪೋಸ್ಟ್ ಡಾಕ್ ಮಾಡಬೇಕು" ಎಂದಳೆನ್ನಿ, ಮನೆಮಂದಿಯೆಲ್ಲ ಮುಖ ಮುಖ ನೋಡಿಕೊಳ್ಳುತ್ತಾರೆ. ಹೆಸರಿನ ಮುಂದೆ ಡಾಕ್ಟರ್ ಅಂತ ಬಂದಾಯಿತಲ್ಲ, ಇನ್ನೂ ಓದುವುದು ಏನಿದೆ?

ಅದು ಓದಲ್ಲ, ಕೆಲಸ ಎನ್ನುವುದನ್ನು ಮೊದಲು ಹೇಳಿಬಿಡಬೇಕು. ವಕೀಲಿ ಪಾಸು ಮಾಡಿದ ಹುಡುಗ ಒಬ್ಬ ಹಿರಿಯ ವಕೀಲರ ಕೈಕೆಳಗೆ ಕೆಲವು ವರ್ಷ ಜೂನಿಯರ್ ಆಗಿ ಇರುತ್ತಾನಲ್ಲ, ಹೆಚ್ಚುಕಡಿಮೆ ಹಾಗೆ. ವಿಜ್ಞಾನದಲ್ಲಿ ಡಾಕ್ಟರೇಟ್ ಪಡೆದವರು ವಿಶ್ವವಿದ್ಯಾಲಯದಲ್ಲೋ ಸಂಶೋಧನಾ ಸಂಸ್ಥೆಯಲ್ಲೋ ಒಬ್ಬ ಪ್ರಾಧ್ಯಾಪಕರ ಪ್ರಯೋಗಾಲಯ ಸೇರಿ, ಎರಡು ಮೂರು ವರ್ಷ ಸ್ವಂತ ಬುದ್ಧಿಯಿಂದ ಸಂಶೋಧನೆ ಮಾಡಿ, ತಮ್ಮ ಹೆಸರಿನಲ್ಲಿ ಲೇಖನ ಪ್ರಕಟಿಸುತ್ತಾರೆ. ತಿಂಗಳಿಗೆ ಇಂತಿಷ್ಟು ಎಂದು ಫೆಲೋಶಿಪ್ ಬರುತ್ತದೆ. 2023ರ ಜನವರಿ 1ರಿಂದ ಕೇಂದ್ರ ಸರ್ಕಾರ ರಿಸರ್ಚ್ ಅಸೋಸಿಯೇಟ್‌ಗಳಿಗೆ ಗೊತ್ತುಮಾಡಿದ ಮೊತ್ತ, ದರ್ಜೆಗೆ ತಕ್ಕಂತೆ, 58,000ದಿಂದ 67,000 ರೂಪಾಯಿ. ಅದರ ಮೇಲೆ ಮನೆಬಾಡಿಗೆ ಭತ್ಯೆ. ಮೊತ್ತ ಸಣ್ಣದಲ್ಲ. ಆದರೆ ಇಷ್ಟು ವರ್ಷ ಎಂದು ಮೊದಲೇ ಬರೆದಿರುತ್ತದೆ, ಅದು ಮುಗಿದ ಮೇಲೆ ಏನು ಎಂಬುದನ್ನು ಯಾರೂ ಬರೆದುಕೊಡುವುದಿಲ್ಲ. ಆದರೂ ಒಳ್ಳೆಯ ಸಂಸ್ಥೆಯಲ್ಲಿ ಕಾಯಂ ವಿಜ್ಞಾನಿಯ ಹುದ್ದೆಗೆ ಅರ್ಜಿ ಹಾಕಿದರೆ ಮೊದಲು ಕೇಳುವುದೇ ಈ ಎರಡು ಮೂರು ವರ್ಷದ ಲೆಕ್ಕವನ್ನು.

ಹೆಂಗಸರ ಪಾಲಿಗೆ ಈ ಲೆಕ್ಕ ಯಾವಾಗಿನಿಂದ ಶುರುವಾಯಿತು ಎಂದು ಹುಡುಕುತ್ತ ಹೋದರೆ ಬೆಂಗಳೂರಿಗೇ ಬಂದು ನಿಲ್ಲಬೇಕಾಗುತ್ತದೆ. ಟಾಟಾ ಇನ್‌ಸ್ಟಿಟ್ಯೂಟ್ ಎಂದು ಹಳಬರು ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ ಸ್ಥಾಪನೆಯಾದದ್ದು 1909ರಲ್ಲಿ. ಮೊದಲ ವಿದ್ಯಾರ್ಥಿಗಳು ಸೇರಿದ್ದು 1911ರಲ್ಲಿ. ಅದಕ್ಕೆ ಮೈಸೂರು ಸಂಸ್ಥಾನ ಕೊಟ್ಟ ಜಾಗ 371 ಎಕರೆ. ಜಾಗ ಕೊಡುತ್ತೇವೆಂಬ ಮಾತು ಮೊದಲು ಹೊರಟಾಗ ಮೈಸೂರಿನ ಆಡಳಿತ ನಡೆಸುತ್ತಿದ್ದವರು ರೀಜೆಂಟ್ ಮಹಾರಾಣಿ ಕೆಂಪನಂಜಮ್ಮಣ್ಣಿಯವರು. ಹೆಣ್ಣುಮಗಳೊಬ್ಬಳ ಆಡಳಿತದಲ್ಲಿ ನೆಲ ಕಂಡುಕೊಂಡ ಸಂಸ್ಥೆಯ ಬಾಗಿಲಲ್ಲಿ ಮುಂದೆ ಒಂದು ದಿನ ಹೆಣ್ಣುಮಗಳೊಬ್ಬಳು ನಿಂತು ವಾದ ಮಾಡಬೇಕಾಯಿತು.

ಅವಳ ಹೆಸರು ಕಮಲಾ ಭಾಗವತ್. ಮದುವೆಯಾದ ಮೇಲೆ ಕಮಲಾ ಸೋಹೊನಿ. 1933ರಲ್ಲಿ ಬೊಂಬಾಯಿ ವಿಶ್ವವಿದ್ಯಾಲಯದಿಂದ ರಸಾಯನಶಾಸ್ತ್ರದಲ್ಲಿ ಬಿ.ಎಸ್ಸಿ. ಮಾಡಿದಳು. ತಂದೆ ಮತ್ತು ಚಿಕ್ಕಪ್ಪ ಇಬ್ಬರೂ ಈ ಟಾಟಾ ಸಂಸ್ಥೆಯಲ್ಲೇ ಓದಿದವರು, ಹಾಗಾಗಿ ತಾನೂ ಅಲ್ಲಿಗೇ ಹೋಗುವುದೆಂದು ಅರ್ಜಿ ಹಾಕಿದಳು. ಆಗ ನಿರ್ದೇಶಕರು ಸರ್ ಸಿ.ವಿ. ರಾಮನ್. ಹುಡುಗಿಯರನ್ನು ತೆಗೆದುಕೊಳ್ಳುವುದಿಲ್ಲ ಎಂದುಬಿಟ್ಟರು. ಅಂದಹಾಗೆ, 1920ರ ದಶಕದಲ್ಲೇ ಒಬ್ಬಿಬ್ಬರು ಹೆಂಗಸರು ಅಲ್ಲಿ ಓದಿದ್ದರೆಂದು ಸಂಸ್ಥೆಯ ಹಳೆಯ ದಾಖಲೆಗಳು ತೋರಿಸುತ್ತವೆ. ಆದ್ದರಿಂದ ಕಮಲಾ ಅವರನ್ನು ಅಲ್ಲಿಯ ಮೊದಲಿಗಳೆಂದು ಕರೆಯುವುದು ಸರಿಯಲ್ಲ. ತೆರೆದಿದ್ದ ಬಾಗಿಲು ಮತ್ತೆ ಮುಚ್ಚಿಕೊಂಡಿತ್ತು ಎನ್ನುವುದೇ ನಿಜಕ್ಕೆ ಹತ್ತಿರ. ಹೆಣ್ಣುಮಕ್ಕಳ ಚರಿತ್ರೆಯಲ್ಲಿ ಇದು ಹೊಸದೇನೂ ಅಲ್ಲ.

ಕಮಲಾ ವಾಪಸು ಹೋಗಲಿಲ್ಲ. ನೇರವಾಗಿ ಬೆಂಗಳೂರಿಗೆ ಬಂದು ರಾಮನ್ನರ ಎದುರಿಗೇ ನಿಂತಳು. ಕೊನೆಗೆ ಒಪ್ಪಿಗೆ ಸಿಕ್ಕಿತು, ಷರತ್ತುಗಳ ಮೇಲೆ: ಒಂದು ವರ್ಷ ಪರೀಕ್ಷಾರ್ಥವಾಗಿ ಇರಬೇಕು, ಆಮೇಲಷ್ಟೇ ದಾಖಲಾತಿ, ಗೈಡ್ ಹೇಳಿದರೆ ರಾತ್ರಿಯೂ ಕೆಲಸ ಮಾಡಬೇಕು, ಪ್ರಯೋಗಾಲಯದ ವಾತಾವರಣ ಕೆಡಿಸಬಾರದು. ಈ ಮೂರನೆಯದನ್ನು ಓದಿದಾಗ ನನಗೆ ನಗು ಬರುತ್ತದೆ, ಆಮೇಲೆ ಸಿಟ್ಟು ಬರುತ್ತದೆ. ಗೈಡ್ ಆಗಿದ್ದವರು ಎಂ. ಶ್ರೀನಿವಾಸಯ್ಯನವರು. ಬೆಳಗಿನ ಜಾವದಿಂದ ರಾತ್ರಿಯವರೆಗೆ ದುಡಿಸಿಕೊಳ್ಳುವ ಶಿಸ್ತಿನ ಮನುಷ್ಯ, ಆದರೆ ಕಲಿಸುವುದರಲ್ಲಿ ಭೇದ ಮಾಡದವರು. ಕಮಲಾ ಹಾಲಿನ, ಬೇಳೆಕಾಳುಗಳ ಪ್ರೋಟೀನುಗಳ ಮೇಲೆ ಕೆಲಸ ಮಾಡಿದಳು. ನಾವು ದಿನಾ ಒಲೆಯ ಮೇಲಿಡುವ ವಸ್ತುಗಳೇ. 1936ರಲ್ಲಿ ಎಂ.ಎಸ್ಸಿ. ಪದವಿ ಬಂತು. ರಾಮನ್ ಕೂಡ ಮನಸ್ಸು ಬದಲಿಸಿ ಹುಡುಗಿಯರಿಗೆ ಪ್ರವೇಶ ಕೊಡತೊಡಗಿದರು. ಆ ಅವಮಾನವನ್ನು ಮಾತ್ರ ಕಮಲಾ ಮರೆಯಲಿಲ್ಲ. ಇಳಿವಯಸ್ಸಿನಲ್ಲಿ, ಮಹಿಳಾ ವಿಜ್ಞಾನಿಗಳ ಸಭೆಯಲ್ಲಿ, ರಾಮನ್ ದೊಡ್ಡ ವಿಜ್ಞಾನಿಯಾದರೂ ಮನಸ್ಸು ಸಣ್ಣದಾಗಿತ್ತು ಎಂಬರ್ಥದ ಮಾತನ್ನು ಮುಚ್ಚುಮರೆಯಿಲ್ಲದೆ ಆಡಿದರು.

ಈ ಕಥೆಯನ್ನು ಈಗ ಬಹಳ ಜನ ಬರೆದಿದ್ದಾರೆ. ಬಾಗಿಲು ತೆರೆದದ್ದರ ಬಗ್ಗೆ ಬರೆಯುತ್ತಾರೆ, ಪದವಿಯ ಆಚೆಗೆ ಏನಾಯಿತು ಎನ್ನುವುದನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗೆ ಬೇಕಾದದ್ದು ಆ ಒಂದು ಸಾಲು. ಕಮಲಾ ಕೇಂಬ್ರಿಜ್‌ಗೆ ಹೋದರು. ಆಲೂಗಡ್ಡೆಯಲ್ಲಿ ಕೆಲಸ ಮಾಡುತ್ತ, ಸಸ್ಯಗಳ ಜೀವಕೋಶಗಳಲ್ಲಿ ಸೈಟೋಕ್ರೋಮ್-ಸಿ ಎಂಬ ವಸ್ತು ಇರುವುದನ್ನು ಕಂಡುಹಿಡಿದರು. ಜೀವಕೋಶ ಉಸಿರಾಡುವ ಕ್ರಿಯೆಯಲ್ಲಿ ಅದರ ಪಾತ್ರ ಇದೆ. ಹದಿನಾಲ್ಕೇ ತಿಂಗಳಲ್ಲಿ, ನಲವತ್ತು ಪುಟಗಳ ಪ್ರಬಂಧಕ್ಕೆ, 1939ರಲ್ಲಿ ಪಿಎಚ್.ಡಿ. ಬಂತು. ಅದೇ ವರ್ಷ ದೇಶಕ್ಕೆ ಮರಳಿ ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಆಗಷ್ಟೇ ತೆರೆದಿದ್ದ ಜೀವರಸಾಯನ ವಿಭಾಗದ ಮುಖ್ಯಸ್ಥೆಯಾದರು. ಡಾಕ್ಟರೇಟಿಗೂ ಕೆಲಸಕ್ಕೂ ನಡುವೆ ಅಂತರವೇ ಇಲ್ಲ! ಆಮೇಲೆ ಕೂನೂರಿನ ಪೌಷ್ಟಿಕ ಆಹಾರ ಸಂಶೋಧನಾಲಯ. 1947ರಲ್ಲಿ ಮದುವೆ, ಮದುವೆಯೊಂದಿಗೆ ಮುಂಬಯಿ, ಅಲ್ಲಿ ರಾಯಲ್ ಇನ್‌ಸ್ಟಿಟ್ಯೂಟ್ ಆಫ್ ಸೈನ್ಸ್‌ನಲ್ಲಿ ಅಧ್ಯಾಪಕಿ. ಮರದಿಂದ ಇಳಿಸುವ ನೀರಾದಲ್ಲಿ ಬಡಮಕ್ಕಳಿಗೂ ಬಸುರಿಯರಿಗೂ ಬೇಕಾದ ಪೋಷಕಾಂಶ ಇದೆಯೆಂದು ತೋರಿಸಿದ್ದು ಅಲ್ಲಿಯೇ. ನಿರ್ದೇಶಕಿಯ ಹುದ್ದೆ ಮಾತ್ರ, ನ್ಯಾಯವಾಗಿ ಬರಬೇಕಾದ್ದಕ್ಕಿಂತ ತಡವಾಗಿ ಬಂತು.

ಇನ್ನೊಬ್ಬಳಿಗೆ ಡಾಕ್ಟರೇಟೇ ಬರಲಿಲ್ಲ. ಅದನ್ನು ಹೇಳುವ ಮೊದಲು ನಮ್ಮೂರಿನ ವಿಷಯ ಒಂದು ಚೂರು ಹೇಳಬೇಕು. ಅರಸೀಕೆರೆ ಎಂದ ಕೂಡಲೇ ಜನ ಹಾಸನ ಜಿಲ್ಲೆಯ ರೈಲ್ವೆ ಜಂಕ್ಷನ್ ನೆನೆಯುತ್ತಾರೆ. ನಮ್ಮದು ಅದಲ್ಲ, ಹರಪನಹಳ್ಳಿ ತಾಲ್ಲೂಕಿನ ಅರಸೀಕೆರೆ. ನಾನು ಮನೆ ಬದಲಿಸದೆಯೇ ನನ್ನ ಜಿಲ್ಲೆ ಮೂರು ಸಲ ಬದಲಾಗಿದೆ: ಬಳ್ಳಾರಿಯಲ್ಲಿದ್ದೆವು, 1997ರಲ್ಲಿ ದಾವಣಗೆರೆಯವರಾದೆವು, 2018ರಲ್ಲಿ ಮತ್ತೆ ಬಳ್ಳಾರಿ, 2021ರಲ್ಲಿ ವಿಜಯನಗರ. ಅದಕ್ಕೂ ಹಿಂದೆ, 1953ರ ಅಕ್ಟೋಬರ್ 1ರವರೆಗೆ, ನಾವು ಮದ್ರಾಸ್ ಪ್ರಾಂತ್ಯದವರು. ಆಗ ನಮ್ಮ ಸೀಮೆಯ ಗಂಡುಹುಡುಗರಿಗೆ ಕಾಲೇಜೆಂದರೆ 1916ರಲ್ಲಿ ತೆರೆದ ಅನಂತಪುರದ ಕಾಲೇಜು. ಬಳ್ಳಾರಿಯಲ್ಲಿ ವೀರಶೈವ ಕಾಲೇಜು ಬಂದದ್ದು 1945ರಲ್ಲಿ. ಹುಡುಗಿಯರ ಮಾತು ಎತ್ತುವಂತೆಯೇ ಇರಲಿಲ್ಲ. ಬಳ್ಳಾರಿಗೆ ಕಾಲೇಜು ಬಂದ ಅದೇ 1945ರಲ್ಲಿ, ನಮ್ಮ ಅದೇ ಮದ್ರಾಸಿನ ವಿಶ್ವವಿದ್ಯಾಲಯಕ್ಕೆ ಬೆಂಗಳೂರಿನಿಂದ ಒಬ್ಬ ಹುಡುಗಿಯ ಪ್ರಬಂಧ ಹೋಯಿತು.

ಅಣ್ಣಾ ಮಣಿ ತಿರುವಾಂಕೂರಿನ ಪೀರುಮೇಡಿನವರು, ಹುಟ್ಟಿದ್ದು 1918. 1940ರಲ್ಲಿ ವಿದ್ಯಾರ್ಥಿವೇತನ ಪಡೆದು ವಿಜ್ಞಾನ ಸಂಸ್ಥೆಗೆ ಬಂದು ರಾಮನ್ನರ ಪ್ರಯೋಗಾಲಯದಲ್ಲೇ ವಜ್ರ ಮತ್ತು ಮಾಣಿಕ್ಯದ ಹರಳುಗಳು ಬೆಳಕನ್ನು ಹೇಗೆ ಹೀರಿ ಹೇಗೆ ಹೊರಬಿಡುತ್ತವೆ ಎಂದು ಅಳೆದರು. ವಜ್ರ ನೋಡುವುದೆಂದರೆ ಒಡವೆ ಅಂಗಡಿಯಲ್ಲಿ ಎಂದಷ್ಟೇ ತಿಳಿದ ನಮಗೆ, ರಾತ್ರಿಯೆಲ್ಲ ಕತ್ತಲ ಕೋಣೆಯಲ್ಲಿ ಕೂತು ಅದರ ಚಿತ್ರ ತೆಗೆಯುವವಳ ಬದುಕು ಕಲ್ಪನೆಗೂ ಬಾರದು. ಐದು ಸಂಶೋಧನಾ ಲೇಖನಗಳು ಅಚ್ಚಾದವು. ವಿಜ್ಞಾನ ಸಂಸ್ಥೆಗೆ ಆಗ ಪದವಿ ಕೊಡುವ ಅಧಿಕಾರ ಇರಲಿಲ್ಲವಾದ್ದರಿಂದ ಪ್ರಬಂಧ ಮದ್ರಾಸ್ ವಿಶ್ವವಿದ್ಯಾಲಯಕ್ಕೆ ಹೋಯಿತು. ಅಲ್ಲಿಯವರು ನೋಡಿದ್ದು ಪ್ರಬಂಧವನ್ನಲ್ಲ, ಎಂ.ಎಸ್ಸಿ. ಪದವಿ ಇದೆಯೇ ಎಂಬುದನ್ನು. ಅಣ್ಣಾ ಮಣಿ ಬಿ.ಎಸ್ಸಿ. ಆನರ್ಸ್ ಮಾಡಿದ್ದವರು. ಪಿಎಚ್.ಡಿ. ಕೊಡಲಿಲ್ಲ. ಆ ಪ್ರಬಂಧ ಇತರ ಡಾಕ್ಟರುಗಳ ಪ್ರಬಂಧಗಳ ಜೊತೆಗೆ, ಅದೇ ಬೈಂಡಿನಲ್ಲಿ, ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಪುಸ್ತಕಾಲಯದಲ್ಲಿ ಉಳಿಯಿತು.

ಭೌತಶಾಸ್ತ್ರದಲ್ಲೇ ಮುಂದುವರಿಯಬೇಕೆಂದು ಇಂಗ್ಲೆಂಡಿಗೆ ಹೊರಟವರಿಗೆ ಸಿಕ್ಕಿದ್ದು ಹವಾಮಾನ ಉಪಕರಣಗಳ ವಿದ್ಯಾರ್ಥಿವೇತನ. ಸಿಕ್ಕಿದ್ದನ್ನೇ ಹಿಡಿದರು. 1948ರಲ್ಲಿ ಪುಣೆಯ ಹವಾಮಾನ ಇಲಾಖೆ ಸೇರಿ, ದೇಶದಲ್ಲೇ ಉಪಕರಣಗಳನ್ನು ತಯಾರಿಸುವ ವ್ಯವಸ್ಥೆ ಕಟ್ಟಿ, ಉಪಮಹಾನಿರ್ದೇಶಕಿಯಾಗಿ 1976ರಲ್ಲಿ ನಿವೃತ್ತರಾದರು. ಎಲ್ಲೆಲ್ಲಿ ಎಷ್ಟು ಬಿಸಿಲು, ಎಷ್ಟು ಗಾಳಿ ಎಂದು ಅಳೆದು ಪುಸ್ತಕ ಮಾಡಿದರು. ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವಾಗ ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳು ಕಾಣುತ್ತವಲ್ಲ, ಬಸ್ಸಿನಲ್ಲಿ ಮಕ್ಕಳು ಕೈ ತೋರಿಸಿ ಎಣಿಸುತ್ತವೆ. ಗಾಳಿಯಿಂದ ಕರೆಂಟು ತೆಗೆಯಬಹುದೆಂದು ಈ ದೇಶದಲ್ಲಿ ಮೊದಲು ಲೆಕ್ಕ ಹಾಕಿ ತೋರಿಸಿದವರಲ್ಲಿ ಅಣ್ಣಾ ಮಣಿಯೂ ಒಬ್ಬರು. 2001ರಲ್ಲಿ ತೀರಿಕೊಂಡರು, ಹೆಸರಿನ ಹಿಂದೆ ಪಿಎಚ್.ಡಿ. ಇಲ್ಲದೆಯೇ.

ಅದೇ ಪ್ರಯೋಗಾಲಯದಲ್ಲಿ ಸುನಂದಾಬಾಯಿ ಎಂಬ ಇನ್ನೊಬ್ಬಳು ಇದ್ದಳು. ಬೆಳಕಿನ ಚದುರುವಿಕೆಯ ಮೇಲೆ ಸಂಶೋಧನೆ ಮಾಡಿ ಪ್ರಬಂಧ ಸಿದ್ಧಪಡಿಸಿದ್ದಳು. ಪದವಿ ಅವಳಿಗೂ ಸಿಗಲಿಲ್ಲ. ಮುಂದಿನ ಸಂಶೋಧನೆಗೆ ಸ್ವೀಡನ್ನಿಗೆ ಹೊರಡುವುದೆಂದು ಗೊತ್ತಾಗಿತ್ತು. ಹೊರಡುವ ಮುನ್ನವೇ ಜೀವ ಕಳೆದುಕೊಂಡಳು, ತನ್ನ ಕೈಯಾರೆ. ಅವಳ ಬಗ್ಗೆ ಇಷ್ಟೇ ಬರೆದು ಮುಂದೆ ಹೋಗುವುದು ಕಷ್ಟವಾಗುತ್ತದೆ.

ನಮ್ಮವಳೇ ಆದ ಒಬ್ಬಾಕೆಯ ಕಥೆ ಸ್ವಲ್ಪ ಸಮಾಧಾನ ಕೊಡುತ್ತದೆ. ರಾಜೇಶ್ವರಿ ಚಟರ್ಜಿ, 1922ರಲ್ಲಿ ಹುಟ್ಟಿದ ಮೈಸೂರು ಸೀಮೆಯ ಹುಡುಗಿ. ಅಜ್ಜಿ ಕಮಲಮ್ಮ ದಾಸಪ್ಪ ಮೈಸೂರು ಸಂಸ್ಥಾನದ ಮೊದಲ ಪದವೀಧರೆಯರಲ್ಲಿ ಒಬ್ಬರು; ವಿಧವೆಯರಿಗೆ, ಗಂಡ ಬಿಟ್ಟ ಹೆಂಗಸರಿಗೆ ಓದು ಕಲಿಸಲು ದುಡಿದವರು. ಮನೆಯಲ್ಲಿ ಇಂಥ ಅಜ್ಜಿ ಇದ್ದರೆ ಮೊಮ್ಮಗಳಿಗೆ "ಸಾಕು ಓದಿದ್ದು" ಎನ್ನುವವರು ಯಾರು? ರಾಜೇಶ್ವರಿಗೆ ಮೊದಲು ಇತಿಹಾಸದ ಮೇಲೆ ಮನಸ್ಸಿತ್ತಂತೆ. ಇತಿಹಾಸ ಪಾಠ ಮಾಡುವ ನನಗೆ ಇದು ಸಣ್ಣ ಹೆಮ್ಮೆ! ಕೊನೆಗೆ ಗಣಿತ ಹಿಡಿದು ಸೆಂಟ್ರಲ್ ಕಾಲೇಜಿನಲ್ಲಿ ಎಂ.ಎಸ್ಸಿ.ವರೆಗೂ ಮೊದಲಿಗಳಾಗಿ ಪಾಸಾದಳು. ರಾಮನ್ನರ ಹತ್ತಿರ ಕೆಲಸ ಮಾಡಲು ಕೇಳಿದಳು. ಭೌತಶಾಸ್ತ್ರದ ಪದವಿಯಿಲ್ಲ ಎಂದು ಅವರು ಒಪ್ಪಲಿಲ್ಲ. 1943ರಲ್ಲಿ ಅದೇ ಸಂಸ್ಥೆಯ ವಿದ್ಯುತ್ ವಿಭಾಗ ಸೇರಿದಳು. ಸರ್ಕಾರದ ವಿದ್ಯಾರ್ಥಿವೇತನದ ಮೇಲೆ 1947ರಲ್ಲಿ ಹಡಗು ಹತ್ತಿ, ತಿಂಗಳ ಪ್ರಯಾಣ ಮಾಡಿ, ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದಳು. 1953ರಲ್ಲಿ ಪಿಎಚ್.ಡಿ. ಪಡೆದು, ಅದೇ ವರ್ಷ ಬೆಂಗಳೂರಿಗೆ ಬಂದು ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕಿ. ಅಲ್ಲಿ ಗಂಡ ಶಿಶಿರ್ ಕುಮಾರ್ ಚಟರ್ಜಿಯವರೊಂದಿಗೆ ಮೈಕ್ರೋವೇವ್ ಸಂಶೋಧನೆ ಕಟ್ಟಿದರು. ಇಪ್ಪತ್ತು ಮಂದಿಗೆ ಪಿಎಚ್.ಡಿ. ಮಾಡಿಸಿ 1982ರಲ್ಲಿ ನಿವೃತ್ತರಾದ ಮೇಲೂ ಮಹಿಳಾ ಅಧ್ಯಯನದ ಕೆಲಸದಲ್ಲಿ ತೊಡಗಿದರು. ತೀರಿಕೊಂಡದ್ದು 2010ರಲ್ಲಿ.

ಕಮಲಾ, ರಾಜೇಶ್ವರಿ ಇಬ್ಬರಲ್ಲೂ ಒಂದು ಸಂಗತಿ ಗಮನಿಸಬೇಕು. ಒಳಗೆ ಹೋಗುವುದು ಕಷ್ಟವಾಗಿತ್ತು, ಆದರೆ ಡಾಕ್ಟರೇಟ್ ಬಂದ ವರ್ಷವೇ ಕೆಲಸವೂ ಬಂತು. ದೇಶದಲ್ಲಿ ಅಷ್ಟು ಓದಿದವರೇ ಬೆರಳೆಣಿಕೆಯಷ್ಟು. ಈಗ ಒಳಗೆ ಹೋಗುವುದು ಸುಲಭವಾಗಿದೆ. ನಮ್ಮ ಸುತ್ತಲೇ ನೋಡಿ: 1980ರಲ್ಲಿ ಗುಲಬರ್ಗಾ ವಿಶ್ವವಿದ್ಯಾಲಯ, 1987ರಲ್ಲಿ ಕುವೆಂಪು, 2009ರಲ್ಲಿ ದಾವಣಗೆರೆ, 2010ರಲ್ಲಿ ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ. ಪಿಎಚ್.ಡಿ. ಮಾಡುವ ಹೆಣ್ಣುಮಕ್ಕಳಿಗೆ ಎರಡು ವರ್ಷ ಹೆಚ್ಚಿನ ಕಾಲಾವಕಾಶವನ್ನೂ ಹೆರಿಗೆ-ಶಿಶುಪಾಲನೆಗೆ 240 ದಿನಗಳ ರಜೆಯನ್ನೂ ಯು.ಜಿ.ಸಿ. 2016ರ ನಿಯಮದಲ್ಲಿ ಸೇರಿಸಿತು. ಕಷ್ಟ ಇರುವುದು ಆಮೇಲೆ. ಇಪ್ಪತ್ತೆಂಟು, ಇಪ್ಪತ್ತೊಂಬತ್ತಕ್ಕೆ ಪಿಎಚ್.ಡಿ. ಮುಗಿಯುತ್ತದೆ. ಅದಾದ ಮೇಲೆ ಪೋಸ್ಟ್ ಡಾಕ್. ಮದುವೆ, ಬಸಿರು, ಬಾಣಂತನ ಎಲ್ಲವೂ ಬಂದು ಕೂರುವುದು ಈ ಐದಾರು ವರ್ಷದಲ್ಲೇ. 2015ರಲ್ಲಿ ಕೇಂದ್ರ ಸರ್ಕಾರದ ಮಂಡಳಿ ಆರಂಭಿಸಿದ, 2023ರ ಕಾಯ್ದೆಯ ಮೇಲೆ ಅನುಸಂಧಾನ್ ಪ್ರತಿಷ್ಠಾನಕ್ಕೆ ಬಂದ ರಾಷ್ಟ್ರೀಯ ಪೋಸ್ಟ್ ಡಾಕ್ಟೊರಲ್ ಫೆಲೋಶಿಪ್ ಎರಡು ವರ್ಷದ್ದು. ಅದಕ್ಕೆ ಇಟ್ಟ ವಯೋಮಿತಿ 35, ಹೆಂಗಸರಿಗೆ ಐದು ವರ್ಷ ಸಡಿಲಿಕೆ. ಐದು ವರ್ಷ ಕೊಟ್ಟದ್ದು ಒಳ್ಳೆಯದೇ. ಆದರೆ ಎರಡು ಹೆರಿಗೆ, ಅತ್ತೆಯ ಕಾಯಿಲೆ, ಗಂಡನ ವರ್ಗಾವಣೆ ಇಷ್ಟಕ್ಕೇ ಆ ಐದು ವರ್ಷ ಕರಗಿಹೋಗುತ್ತದೆ ಎನ್ನುವುದನ್ನು ಯಾವ ಗೃಹಿಣಿಗೂ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಹಾಗೆ ಮಧ್ಯದಲ್ಲಿ ನಿಂತುಹೋದವರನ್ನು ಮತ್ತೆ ಕರೆತರಲು ಕೇಂದ್ರದ ವಿಜ್ಞಾನ ಮತ್ತು ತಂತ್ರಜ್ಞಾನ ಇಲಾಖೆ 2002-03ರಲ್ಲಿ ಮಹಿಳಾ ವಿಜ್ಞಾನಿಗಳಿಗೆಂದೇ ಒಂದು ಯೋಜನೆ ತಂದಿತು. ಈಚಿನ ವರ್ಷಗಳಲ್ಲಿ ಅದು ವೈಸ್-ಕಿರಣ್ ಎಂಬ ಹೆಸರಿನಡಿ ಬಂದಿದೆ, ಅದರಲ್ಲಿ ಪಿಎಚ್.ಡಿ.ಗೆ ಒಂದು, ಪೋಸ್ಟ್ ಡಾಕ್‌ಗೆ ಒಂದು ಎಂದು ಬೇರೆ ಬೇರೆ ಫೆಲೋಶಿಪ್ ಇವೆ. ಊರಿನ ಲೈಬ್ರರಿಯಲ್ಲಿ ಕೂತು ಹುಡುಗಿಯರಿಗೆ ಕೆ.ಎ.ಎಸ್. ಪರೀಕ್ಷೆಯ ದಿನಾಂಕ ಬಾಯಿಪಾಠ ಇರುತ್ತದೆ, ಇಂಥ ಯೋಜನೆಗಳ ಹೆಸರು ಕೇಳಿದವರು ಕಡಿಮೆ.

ಹೆಂಗಸರು ಸಂಸಾರಕ್ಕಾಗಿ ತಾವೇ ಬಿಟ್ಟುಹೋಗುತ್ತಾರೆ ಎಂದು ಎಲ್ಲರೂ ಹೇಳುವುದುಂಟು. ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿಯೂ ರಾಷ್ಟ್ರೀಯ ಉನ್ನತ ಅಧ್ಯಯನ ಸಂಸ್ಥೆಯೂ ಸೇರಿ 2010ರಲ್ಲಿ ಪ್ರಕಟಿಸಿದ ಸಮೀಕ್ಷೆ ಬೇರೆಯದನ್ನು ಹೇಳಿತು. ಡಾಕ್ಟರೇಟ್ ಪಡೆದೂ ಸಂಶೋಧನೆಯಿಂದ ಹೊರಗುಳಿದ ಮಹಿಳೆಯರು ಮುಖ್ಯವಾಗಿ ಕೊಟ್ಟ ಕಾರಣ ಮನೆ-ಮಕ್ಕಳಲ್ಲ, ತಕ್ಕ ಕೆಲಸ ಸಿಗಲಿಲ್ಲ ಎಂಬುದು. ಈ ಸಮೀಕ್ಷೆಯ ಹಿಂದಿದ್ದವರಲ್ಲಿ ಒಬ್ಬರು ವಿಜ್ಞಾನ ಸಂಸ್ಥೆಯ ಭೌತವಿಜ್ಞಾನಿ ರೋಹಿಣಿ ಗೋಡ್ಬೋಲೆ. 1979ರಲ್ಲಿ ಅಮೆರಿಕದಲ್ಲಿ ಪಿಎಚ್.ಡಿ. ಮುಗಿಸಿ ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಮೂರು ವರ್ಷ ಕಳೆದ ನಂತರವೇ ವಿಶ್ವವಿದ್ಯಾಲಯದ ಅಧ್ಯಾಪಕಿಯಾದವರು; ಹಾಗಾಗಿ ಈ ನಡುವಿನ ಕಾಲ ಅವರಿಗೆ ಗೊತ್ತಿತ್ತು. ನೂರರಷ್ಟು ಭಾರತೀಯ ಮಹಿಳಾ ವಿಜ್ಞಾನಿಗಳ ಬದುಕನ್ನು ಒಟ್ಟುಗೂಡಿಸಿದ 'ಲೀಲಾವತೀಸ್ ಡಾಟರ್ಸ್' ಪುಸ್ತಕಕ್ಕೂ ಅವರು ಸಂಪಾದಕರಲ್ಲಿ ಒಬ್ಬರು, 2008ರಲ್ಲಿ ಅದು ಬಂತು. 2024ರ ಅಕ್ಟೋಬರಿನಲ್ಲಿ ಅವರೂ ಹೋದರು.

ನನ್ನ ಹತ್ತಿರ ಹೈಸ್ಕೂಲಿನಲ್ಲಿ ಓದಿದ ಒಬ್ಬಳು ಬೇಳೆಕಾಳುಗಳ ಪ್ರೋಟೀನಿನ ಮೇಲೆಯೇ ಪಿಎಚ್.ಡಿ. ಮಾಡಿದಳು, ಹುರುಳಿ ಕಾಳಿನ ಮೇಲೆ. ಒಂದು ಕಡೆ ಸಂದರ್ಶನಕ್ಕೆ ಹೋದಾಗ ಪ್ರಬಂಧದ ಬಗ್ಗೆ ಎರಡು ಪ್ರಶ್ನೆ, ಮಗುವಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿದರಂತೆ. ಮಗುವಿಗೆ ಆಗ ಹತ್ತು ತಿಂಗಳು. ಆಮೇಲೆ ಬೇರೊಂದು ಊರಿನಲ್ಲಿ ಎರಡು ವರ್ಷದ ಫೆಲೋಶಿಪ್ ಸಿಕ್ಕಿತು. ಅವಳ ತಾಯಿ ಒಂದು ಸಂಜೆ ನನ್ನ ಮನೆಗೆ ಬಂದರು. ಏಳನೆಯ ತರಗತಿ ಓದಿದ ಹೆಂಗಸು, ಕಿರಾಣಿ ಅಂಗಡಿಯ ಲೆಕ್ಕ ಬರೆಯುವುದೆಲ್ಲ ಅವರೇ. "ಏನ್ರೀ ಟೀಚರ್, ಡಾಕ್ಟರ್ ಆದ ಮ್ಯಾಲೂ ಅಪ್ರೆಂಟಿಸ್ ಏನ್ರೀ?" ಎಂದರು. ನನಗೆ ತಿಳಿದಷ್ಟು ಹೇಳಿದೆ. ಕಮಲಾ ಅವರ ಕಥೆ ಹೇಳಿದೆ. ಕಲ್ಕತ್ತೆಯ ರಸಾಯನಶಾಸ್ತ್ರಜ್ಞೆ ಅಸೀಮಾ ಚಟರ್ಜಿಯವರ ಕಥೆಯನ್ನೂ ಹೇಳಿದೆ. 1944ರಲ್ಲಿ ಡಿ.ಎಸ್ಸಿ. ಪಡೆದ ಆಕೆ, ಮುಂದಿನ ಸಂಶೋಧನೆಗೆಂದು 1947ರಲ್ಲಿ ಅಮೆರಿಕಕ್ಕೆ ಹೊರಟಾಗ ಕಂಕುಳಲ್ಲಿ ಹನ್ನೊಂದು ತಿಂಗಳ ಹೆಣ್ಣುಕೂಸು, ಜೊತೆಗೆ ಕೂಸನ್ನು ನೋಡಿಕೊಳ್ಳಲು ಒಬ್ಬ ಆಯಾ. ಅಮೆರಿಕ ಮುಗಿಸಿ ಸ್ವಿಟ್ಜರ್‌ಲೆಂಡಿನ ಜ್ಯೂರಿಕ್‌ನಲ್ಲಿ ನೊಬೆಲ್ ಪಡೆದ ಪಾಲ್ ಕಾರರ್ ಎಂಬ ವಿಜ್ಞಾನಿಯ ಬಳಿ ಕೆಲಸ ಮಾಡಿ, 1950ರಲ್ಲಿ ದೇಶಕ್ಕೆ ಮರಳಿದರು.

ಆ ತಾಯಿ ಸಂಶೋಧನೆಯ ಮಾತನ್ನೆಲ್ಲ ಸುಮ್ಮನೆ ಕೇಳಿಸಿಕೊಂಡರು. ಕಾಲುಚೀಲದಂಥ ಸಣ್ಣ ಬಟ್ಟೆಯ ಪರ್ಸಿನಿಂದ ಮಗಳ ಆದೇಶ ಪತ್ರದ ಜೆರಾಕ್ಸ್ ತೆಗೆದು, ಎಲ್ಲಿಂದ ಎಲ್ಲಿಯವರೆಗೆ ಎಂದು ತಾರೀಖು ಓದಿಸಿಕೊಂಡು, ಬೆರಳಲ್ಲಿ ತಿಂಗಳು ಎಣಿಸಿದರು. ಆಮೇಲೆ ಕೇಳಿದ್ದು ಇಷ್ಟು: "ಅಲ್ಲಿ ಕ್ವಾರ್ಟರ್ಸ್ ಕೊಡ್ತಾರೇನ್ರೀ? ಇಲ್ಲಾಂದ್ರ ಎರಡು ರೂಮಿನ ಮನೀ ನೋಡಬೇಕು. ಕೂಸಿನ ಕೂಡ ನಾನಾ ಹೋಗಿ ಇರ್ತೀನಿ. ಅಂಗಡಿ ಲೆಕ್ಕ ಇವರಾ ಬರಕೋಲಿ."